ಕಾಡಲ್ಲಿ ಜಿಂಕೆ ಬೇಟೆಗೆ ಯಾವ ಕ್ಯಾಲಿಬರ್? ಆರು ಸೀಸನ್ ಥರ್ಟಿ-ಥರ್ಟಿ ಹೊತ್ಕೊಂಡು ತಿರುಗಿದವನ ರಿವ್ಯೂ

ಇದು ಅಮೆರಿಕದ ಪೆನ್ಸಿಲ್ವೇನಿಯಾ ಕಾಡಿನ ಮಾತು, ನಮ್ಮ ಊರಿನದ್ದಲ್ಲ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಜಿಂಕೆಗೆ ಈಡು ಹೊಡೆದ್ರೆ ಸೀದಾ ಜೈಲು, ಅದು ಸರೀನೇ. ನಮ್ಮಜ್ಜನ ಹತ್ರ ಒಂದು ಕೇಪಿನ ಕೋವಿ ಇತ್ತು, ತೀರ್ಥಹಳ್ಳಿ ಕಡೆ ತೋಟ ಇರೋ ಎಷ್ಟೋ ಮನೆಗಳಲ್ಲಿ ಇರೋ ಹಾಗೆ, ಬೆಳೆ ರಕ್ಷಣೆ ಲೈಸೆನ್ಸಿಂದು, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಹೋಗಿ ಇಟ್ಟು ಬರೋದು, ಮುಗಿದ್ಮೇಲೆ ತರೋದು. ನಾನು ನೋಡಿದ ಹಾಗೆ ಅದರ ಕೆಲಸ ಮಂಗ ಓಡಿಸೋಕೆ ಸದ್ದು ಮಾಡೋದು ಅಷ್ಟೇ. ಮರಸು ಕೂರೋದು (ಅಡಗಿ ಕೂತು ಕಾಯೋದು), ಸೋವು ಬೇಟೆ (ಪ್ರಾಣಿನ ಎಬ್ಬಿಸಿ ಓಡಿಸಿ ಹೊಡೆಯೋದು) ಅನ್ನೋದೆಲ್ಲ ಅಜ್ಜನ ಬಾಯಲ್ಲಿ ಕಥೆಯಾಗಿ ಕೇಳಿದ್ದೇ ಹೊರತು ಕಣ್ಣಲ್ಲಿ ಕಂಡಿದ್ದಲ್ಲ. ಪಿಟ್ಸ್‌ಬರ್ಗಿಗೆ ಬಂದು ಗ್ರೀನ್ ಕಾರ್ಡ್ ಆಗೋ ತನಕ ನಾನು ಗನ್ ಮುಟ್ಟಿರ್ಲಿಲ್ಲ. (ಎಚ್-1ಬಿಯಲ್ಲಿ ಇರೋರಿಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಂದೂಕು ಇಟ್ಕೊಳ್ಳೋಕೆ ಬಿಡಲ್ಲ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಒಂದು ವಿನಾಯಿತಿ ಇದೆ. ಆ ತಲೆನೋವು ನಂಗೆ ಬೇಡ ಅಂತ ಕಾದೆ.)

ಇಲ್ಲಿ ಕೆಲಸ ಮಾಡೋ ನಮ್ಮವರು ಮೂರ್ನಾಲ್ಕು ಜನ ಹೋದ ವರ್ಷ ಕೇಳಿದ್ರು, ಜಿಂಕೆಗೆ ಯಾವ ರೈಫಲ್ ತಗೋಬೇಕು, ಯಾವ ಕ್ಯಾಲಿಬರ್ (ಅಂದ್ರೆ ಅದಕ್ಕೆ ಹಾಕೋ ತೋಟಾದ ಅಳತೆ), .308 ತಗೊಳ್ಳೋದಾ 6.5 ಕ್ರೀಡ್‌ಮೂರ್ ತಗೊಳ್ಳೋದಾ ಅಂತ. ಎಲ್ಲರಿಗೂ ಒಂದೊಂದ್ಸಲ ಹೇಳೋ ಬದಲು ಇಲ್ಲೇ ಬರೆದು ಹಾಕ್ತಿದೀನಿ. ನನ್ನ ಉತ್ತರ .30-30, ಅಂದ್ರೆ ಥರ್ಟಿ-ಥರ್ಟಿ, ಮಾರ್ಲಿನ್ ಕಂಪನಿಯ 336 ಲಿವರ್ ಆಕ್ಷನ್ ರೈಫಲ್ (ಟ್ರಿಗರ್ ಹತ್ರದ ಲಿವರ್ ಕೆಳಗೆಳೆದು ಮೇಲೆ ತಳ್ಳಿ ಮುಂದಿನ ತೋಟಾ ತರೋದು). ಆದ್ರೆ ಅದಕ್ಕೆ ಮುಂಚೆ ನಾನು ದುಡ್ಡು ಕಳ್ಕೊಂಡ ಕಥೆ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಬೀಳೋದು ಅದೇ ಗುಂಡಿಗೇ.

ಮೊದಲನೇ ಸಲ ಅಂಗಡಿಗೆ ಹೋದಾಗ ಕೌಂಟರ್ ಹಿಂದಿದ್ದ ಮನುಷ್ಯ (ಅಂಗಡಿ ಹೆಸರು ಬೇಡ, ಹೈವೇ ಪಕ್ಕದ ದೊಡ್ಡ ಅಂಗಡಿ) ಒಂದೇ ಮಾತು ಹೇಳಿದ, ಒಂದೇ ರೈಫಲ್ ತಗೊಳ್ಳೋದಾದ್ರೆ ಕರಡಿಗೂ ಎಲ್ಕ್‌ಗೂ (ಇಲ್ಲಿಯ ದೊಡ್ಡ ಜಾತಿ ಜಿಂಕೆ) ಎಲ್ಲದಕ್ಕೂ ಆಗೋದು ತಗೋ ಅಂತ. ನಮ್ಮ ಬುದ್ಧಿ ಗೊತ್ತಲ್ಲ, ಎಲ್ಲದಕ್ಕೂ ಆಗುತ್ತೆ ಅಂದ್ರೆ ಸಾಕು, ಮಿಕ್ಸಿ ತಗೊಳ್ಳೋವಾಗ್ಲೂ ಹಾಗೇ. .300 ವಿಂಚೆಸ್ಟರ್ ಮ್ಯಾಗ್ನಮ್ ಕಟ್ಟಿಕೊಟ್ಟ, ಅದ್ರ ಮೇಲೆ ಮೊಳದುದ್ದದ ಸ್ಕೋಪು. ಅದು ಕೆಟ್ಟ ಕ್ಯಾಲಿಬರ್ ಅಂತ ನಾನು ಹೇಳ್ತಿಲ್ಲ, 180 ಗ್ರೇನ್ ತೂಕದ ಗುಂಡನ್ನ ಸೆಕೆಂಡಿಗೆ ಹತ್ತಿರ ಹತ್ತಿರ 3,000 ಅಡಿ ವೇಗದಲ್ಲಿ ಕಳಿಸುತ್ತೆ, ಪಶ್ಚಿಮದ ಬೆಟ್ಟಗಳಲ್ಲಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಎಲ್ಕ್ ಹೊಡೆಯೋರಿಗೆ ಬೇಕು. ನಂಗೆ ಬೇಕಿರ್ಲಿಲ್ಲ. ರೇಂಜಲ್ಲಿ ಹತ್ತನೇ ಈಡಿಗೆ ಹೆಗಲು ಊದಿತ್ತು, ಹುಬ್ಬಿನ ಮೇಲೆ ಸ್ಕೋಪ್ ಬಡಿದು ಅರ್ಧಚಂದ್ರ ಮೂಡಿತ್ತು, ಆಫೀಸಲ್ಲಿ ಎರಡು ವಾರ ಅದರದ್ದೇ ಮಾತು.

ನಮ್ಮ ಪಕ್ಕದ ಮನೆಯಲ್ಲಿ ಸ್ಟೀಲ್ ಮಿಲ್ಲಲ್ಲಿ ದುಡಿದು ರಿಟೈರ್ ಆದ ಅಜ್ಜ ಒಬ್ರು ಇದಾರೆ, ಹನ್ನೆರಡು ವರ್ಷದ ಹುಡುಗ ಆಗಿದ್ದಾಗಿಂದ ಜಿಂಕೆ ಬೇಟೆ ಮಾಡಿದವರು. ಅವ್ರು ನನ್ನ ಟಾರ್ಗೆಟ್ ಪೇಪರ್ ನೋಡಿ ಏನೂ ಅನ್ಲಿಲ್ಲ. ಮಾರನೇ ವಾರ ರೇಂಜಿಗೆ ಜೊತೇಲಿ ಬಂದು, ಕೊಡು ನಾನು ಲೋಡ್ ಮಾಡ್ಕೊಡ್ತೀನಿ ಅಂತ ಒಂದೊಂದೇ ತೋಟಾ ಹಾಕಿ ಕೊಟ್ರು. ಮೂರನೇದು ಡಮ್ಮಿ, ನಂಗೆ ಗೊತ್ತಿಲ್ಲ. ಟ್ರಿಗರ್ ಎಳೆದೆ, ಟಿಕ್ ಅಂತು, ಸದ್ದಿಲ್ಲ, ಒದೆತ ಇಲ್ಲ, ಆದ್ರೆ ನಳಿಗೆ ತುದಿ ಮಾತ್ರ ಎರಡಿಂಚು ಕೆಳಗೆ ಕುಕ್ಕಿ ಹೋಯ್ತು, ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಒದೆತ ಬರುತ್ತೆ ಅಂತ ಮೈ ಮುಂಚೇನೇ ಹೆದರಿ ಕೂತಿದೆ. ಫ್ಲಿಂಚ್ ಅಂತಾರೆ ಇದಕ್ಕೆ. ಅಷ್ಟು ನಾಚಿಕೆ ಯಾವತ್ತೂ ಆಗಿರ್ಲಿಲ್ಲ. ಆ ರೈಫಲ್ ಮುನ್ನೂರು ಡಾಲರ್ ಲಾಸಲ್ಲಿ ಮಾರಿದೆ.

ಆಮೇಲೆ ಅಜ್ಜ ನನ್ನನ್ನ ಅಲೆಗೆನಿ ನ್ಯಾಷನಲ್ ಫಾರೆಸ್ಟ್ ಕಡೆ ಅವರ ಕ್ಯಾಂಪಿಗೆ ಕರ್ಕೊಂಡು ಹೋಗಿ, ನಾನು ಕೂರೋ ಜಾಗದಲ್ಲಿ ನಿಲ್ಲಿಸಿ, ರೇಂಜ್‌ಫೈಂಡರ್ ಕೈಗೆ ಕೊಟ್ಟು, ಸುತ್ತ ಕಾಣೋ ಅತಿ ದೂರದ ಮರ ಎಷ್ಟಿದೆ ನೋಡು ಅಂದ್ರು. ಹೆಮ್ಲಾಕು, ಬೀಚು, ಬ್ಲಾಕ್ ಚೆರ್ರಿ, ಕೆಳಗಡೆ ಸೊಂಟದೆತ್ತರ ಮೌಂಟನ್ ಲಾರೆಲ್, ನಮ್ಮ ಕಡೆ ಕುರುಚಲು ಕಾಡು ಇದ್ದಂಗೇ ದಟ್ಟ. ಅತಿ ದೂರದ್ದು 85 ಗಜ! ಬಹಳಷ್ಟು ಕಡೆ ನಲವತ್ತು ಐವತ್ತಕ್ಕೇ ಕಣ್ಣು ಕಟ್ಟುತ್ತೆ. ಕ್ಯಾಲಿಬರ್ ಆರಿಸೋದು ಅಂದ್ರೆ ಇಲ್ಲಿಂದ ಶುರು ಆಗ್ಬೇಕಿತ್ತು, ನಾನು ಅಂಗಡಿ ಕೌಂಟರಿಂದ ಶುರು ಮಾಡಿದ್ದೆ.

ಇನ್ನು ಜಿಂಕೆ. ಇಲ್ಲಿಯ ವೈಟ್‌ಟೇಲ್ ನಮ್ಮ ಕಡವೆಯಷ್ಟು ದೊಡ್ಡ ಪ್ರಾಣಿ ಅಲ್ಲ, ಹೆಚ್ಚುಕಡಿಮೆ ಚುಕ್ಕೆ ಜಿಂಕೆ ಗಾತ್ರ ಅಂದ್ಕೊಳ್ಳಿ. ಚರ್ಮ ತೆಳು, ಎಲುಬು ದಪ್ಪ ಅಲ್ಲ, ಹೃದಯ-ಶ್ವಾಸಕೋಶ ಇರೋ ಜಾಗ ಸುಮಾರು ಎಂಟಿಂಚಿನ ತಟ್ಟೆ ಅಷ್ಟು. ಅಲ್ಲಿಗೆ ಬಿದ್ರೆ .243 ಕೂಡ ಸಾಕೋ ಸಾಕು, ಹೊಟ್ಟೆಗೆ ಬಿದ್ರೆ ಯಾವ ಮ್ಯಾಗ್ನಮ್ಮೂ ಕಾಪಾಡಲ್ಲ, ರಾತ್ರಿಯೆಲ್ಲ ಟಾರ್ಚ್ ಹಿಡ್ಕೊಂಡು ಆ ಪ್ರಾಣಿ ಹುಡುಕ್ತಾ ಅಲೀಬೇಕು, ಅದಕ್ಕೂ ನರಳಾಟ.

ಈಗ ಥರ್ಟಿ-ಥರ್ಟಿ ಬಗ್ಗೆ. ಹೆಸರಲ್ಲಿ ಮೊದಲ 30 ಅಂದ್ರೆ ಗುಂಡಿನ ಅಗಲ, ಸುಮಾರು 0.30 ಇಂಚು. ಎರಡನೇ 30 ಅಂದ್ರೆ ಮೊದಮೊದಲು ಅದಕ್ಕೆ ತುಂಬ್ತಿದ್ದ 30 ಗ್ರೇನ್ ಹೊಗೆಯಿಲ್ಲದ ಮದ್ದು. ಗ್ರೇನ್ ಅಂದ್ರೆ ಗಾಬರಿ ಬೀಳ್ಬೇಡಿ, ಎರಡು ಗ್ರೇನ್ ಸೇರಿದ್ರೆ ಸುಮಾರು ಒಂದು ಗುಲಗಂಜಿ ತೂಕ. ವಿಂಚೆಸ್ಟರ್‌ನವರು 1895ರಲ್ಲಿ ತಂದಿದ್ದು, ಜಾನ್ ಬ್ರೌನಿಂಗ್ ಡಿಸೈನ್ ಮಾಡಿದ ಮಾಡೆಲ್ 1894 ರೈಫಲ್ಲಿಗೆ ಅಂತ. ಅಂದ್ರೆ ನಮ್ಮ ಮುತ್ತಜ್ಜನ ಕಾಲದ ತೋಟಾ ಇದು. 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,390 ಅಡಿ, 170 ಗ್ರೇನಿಂದು 2,200. ಡಬ್ಬಿ ಮೇಲೆ ಬರೆದಿರೋ ಈ ಲೆಕ್ಕ 24 ಇಂಚಿನ ಟೆಸ್ಟ್ ನಳಿಗೆದು, ನಮ್ಮ ಕೈಲಿರೋ 20 ಇಂಚಿನ ನಳಿಗೆಯಲ್ಲಿ ಸ್ವಲ್ಪ ಕಮ್ಮಿನೇ ಬರುತ್ತೆ. ಹಳಬರದ್ದು ಒಂದು ಲೆಕ್ಕ ಇದೆ, ಜಿಂಕೆಗೆ ತಗಲೋವಾಗ ಗುಂಡಲ್ಲಿ 1,000 ಫುಟ್-ಪೌಂಡ್ ಶಕ್ತಿ ಉಳಿದಿರ್ಬೇಕು ಅಂತ. ಅದು ದೇವರ ವಾಕ್ಯ ಅಲ್ಲ, ಆದ್ರೂ 170 ಗ್ರೇನ್ ಗುಂಡಲ್ಲಿ 100 ಗಜಕ್ಕೆ 1,350ರಷ್ಟು ಇರುತ್ತೆ, 200 ಗಜಕ್ಕೆ ಸಾವಿರದ ಅಂಚಿಗೆ ಬಂದು ನಿಲ್ಲುತ್ತೆ. 85 ಗಜದ ಕಾಡಿಗೆ ಇನ್ನೇನು ಬೇಕು ಹೇಳಿ.

ಒದೆತ ಆ .300 ಮ್ಯಾಗ್ನಮ್ಮಿನ ಅರ್ಧಕ್ಕಿಂತ ಕಮ್ಮಿ. ದಪ್ಪ ಜಾಕೆಟ್ ಹಾಕಿದಾಗ ಯಾರೋ ಹೆಗಲು ತಟ್ಟಿ ಕರೆದಂಗೆ ಅಷ್ಟೇ. ನನ್ನ ಕಣ್ಣು ಮುಚ್ಚೋ ರೋಗ ಬಿಡೋಕೆ ಒಂದು ಬೇಸಿಗೆ ಹಿಡೀತು, ಬಿಟ್ಟಿದ್ದು ಮಾತ್ರ ಈ ರೈಫಲ್ಲಲ್ಲೇ.

ಮಾರ್ಲಿನ್ 336 ಯಾಕೆ, ವಿಂಚೆಸ್ಟರ್ 94 ಯಾಕಲ್ಲ ಅಂತ ಕೇಳೋರಿಗೆ: ಎರಡೂ ಒಳ್ಳೇವೇ, 94 ಇನ್ನೂ ಹಗುರ, ಕೈಯಲ್ಲಿ ಕೋಲು ಹಿಡಿದಂಗೆ ಇರುತ್ತೆ. ಆದ್ರೆ ಹಳೇ 94ಗಳು ಖಾಲಿ ತೋಟಾನ ನೆತ್ತಿ ಮೇಲಿಂದ ಎಸೀತವೆ, 1982ರಿಂದೀಚೆಗೆ ಬಂದ ಆಂಗಲ್ ಇಜೆಕ್ಟ್ ಮಾಡೆಲ್ ಬಿಟ್ರೆ ಮೇಲೆ ಸ್ಕೋಪ್ ಕೂರಿಸೋದು ಕಷ್ಟ. 336 ಪಕ್ಕದಿಂದ ಎಸೆಯುತ್ತೆ, ಮೇಲ್ಗಡೆ ಗಟ್ಟಿ ಉಕ್ಕು, ಸ್ಕೋಪ್ ಸಲೀಸಾಗಿ ಕೂರುತ್ತೆ. ನಲವತ್ತು ದಾಟಿದ ಕಣ್ಣು, ದಿನವಿಡೀ ಸ್ಕ್ರೀನ್ ನೋಡೋ ಕಣ್ಣು, ನಂಗೆ ಸ್ಕೋಪ್ ಬೇಕೇ ಬೇಕು. 1ರಿಂದ 4 ಪವರಿನ ಚಿಕ್ಕದು ಹಾಕಿದೀನಿ, ಸದಾ ಕಮ್ಮಿ ಪವರಲ್ಲೇ ಇಟ್ಟಿರ್ತೀನಿ, ಇಲ್ಲಾಂದ್ರೆ ಹತ್ತಿರದ ಜಿಂಕೆಗೆ ಗುರಿ ಹಿಡಿದಾಗ ಬರೀ ಕಂದು ಕೂದಲು ಕಾಣುತ್ತೆ, ಹೆಗಲು ಯಾವುದು ತೊಡೆ ಯಾವುದು ಗೊತ್ತಾಗಲ್ಲ. ಸ್ಕೋಪ್ ಹಾಕಿದ್ರೆ ಹ್ಯಾಮರಿಗೆ (ಹೊಡೆಯೋ ಮುಂಚೆ ಹೆಬ್ಬೆರಳಲ್ಲಿ ಹಿಂದಕ್ಕೆಳೆಯೋ ಭಾಗ) ಪಕ್ಕಕ್ಕೆ ಚಾಚೋ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಹಾಕಿಸ್ಕೊಳ್ಳಿ, ಗ್ಲೌಸ್ ಹಾಕಿದ ಹೆಬ್ಬೆರಳು ಸ್ಕೋಪ್ ಕೆಳಗೆ ತೂರಲ್ಲ.

336 ಅನ್ನೋ ಮಾಡೆಲ್ 1948ರಿಂದ ಇದೆ. ಕಂಪನಿ 2007ರಲ್ಲಿ ರೆಮಿಂಗ್ಟನ್ ಕೈಗೆ ಹೋಯ್ತು, 2020ರಲ್ಲಿ ರೂಗರ್ ಕೊಂಡ್ಕೊಂಡ್ರು, ರೂಗರ್‌ನವರು ಮಾಡಿದ 336 ಕ್ಲಾಸಿಕ್ 2023ರಲ್ಲಿ ಬಂತು, ವಾಲ್ನಟ್ ಮರದ ಹಿಡಿ, ನೋಡೋಕೆ ಚಂದ, ರೇಟು ಸಾವಿರ ಡಾಲರ್ ಮೇಲೆ. ನಾನು 2019ರಲ್ಲಿ ತಗೊಂಡಿದ್ದು ಸೆಕೆಂಡ್ ಹ್ಯಾಂಡ್, ನಳಿಗೆ ಮೇಲೆ ಜೆಎಂ ಅಂತ ಸಣ್ಣ ಮುದ್ರೆ ಇರೋದು, ಅಂದ್ರೆ ಹಳೇ ಕನೆಕ್ಟಿಕಟ್ ಫ್ಯಾಕ್ಟರಿದು. 550 ಡಾಲರ್ ಕೊಟ್ಟೆ. ಹಿಡಿ ಮೇಲೆ ಯಾರೋ ಹಳೇ ಮಾಲೀಕರು ಚಾಕುವಲ್ಲಿ ಏಳು ಗೀರು ಹಾಕಿದಾರೆ, ಏಳು ಜಿಂಕೆ ಅನ್ಸುತ್ತೆ. ನಾನು ಎಂಟನೇದು ಹಾಕೋಕೆ ಹೋಗಿಲ್ಲ, ಆ ಲೆಕ್ಕ ಅವರದ್ದು.

ಇನ್ನೊಂದು ವಿಷಯ, ಇದು ಕಾನೂನು: ಪೆನ್ಸಿಲ್ವೇನಿಯಾದಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲ್ಲಲ್ಲಿ ಜಿಂಕೆ ಹೊಡೆಯೋ ಹಾಗಿಲ್ಲ. ಬೋಲ್ಟ್, ಪಂಪ್, ಲಿವರ್, ಸಿಂಗಲ್ ಶಾಟ್, ಕೈಯಲ್ಲಿ ಆಡಿಸೋದೇ ಆಗ್ಬೇಕು. ಪಕ್ಕದ ಓಹಾಯೋದಲ್ಲಿ ಇನ್ನೊಂಥರ, ಅಲ್ಲಿ ರೈಫಲ್ಲಾದ್ರೆ ಜಿಂಕೆಗೆ ನೇರ ಗೋಡೆಯ ತೋಟಾ ಮಾತ್ರ, 2014ರಿಂದ. ಥರ್ಟಿ-ಥರ್ಟಿ ತೋಟಾಕ್ಕೆ ಸೀಸೆ ಥರ ಕುತ್ತಿಗೆ ಇದೆ, ಹಾಗಾಗಿ ಓಹಾಯೋದಲ್ಲಿ ನಡೆಯಲ್ಲ. ಯಂಗ್ಸ್‌ಟೌನ್ ಕಡೆ ಮನೆ ಇರೋ ನಮ್ಮವರು ಇದನ್ನ ಓದಿ ಥರ್ಟಿ-ಥರ್ಟಿ ತಗೊಂಡು ಆಮೇಲೆ ನನ್ನ ಬೈಬೇಡಿ, ನಿಮಗೆ .350 ಲೆಜೆಂಡು, .450 ಬುಷ್‌ಮಾಸ್ಟರು, ಅವನ್ನ ನೋಡ್ಕೊಳ್ಳಿ. .350 ಲೆಜೆಂಡ್ 2019ರಲ್ಲಿ ಬಂದಿದ್ದೇ ಇಂಥ ರಾಜ್ಯಗಳಿಗೋಸ್ಕರ, ಒದೆತಾನೂ ಕಮ್ಮಿ.

ಈಗ ಬೈಯೋ ಭಾಗ. ಥರ್ಟಿ-ಥರ್ಟಿ ಬಗ್ಗೆ ಇರೋ ದೊಡ್ಡ ಸುಳ್ಳು ಏನಂದ್ರೆ "ಬ್ರಷ್ ಗನ್", ಅಂದ್ರೆ ದಪ್ಪ ಮೂತಿಯ ನಿಧಾನದ ಗುಂಡು ಪೊದೆ ಕಡ್ಡಿ ಎಲ್ಲ ಸೀಳ್ಕೊಂಡು ನೇರ ಹೋಗುತ್ತೆ ಅನ್ನೋದು. ನಾನೂ ನಂಬಿದ್ದೆ. ಎರಡನೇ ಸೀಸನ್, ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ, ಓಪನಿಂಗ್ ಡೇ, ಅಂದ್ರೆ ರೈಫಲ್ ಸೀಸನ್ನಿನ ಮೊದಲ ದಿನ, ಮೈನಸ್ ಆರು ಡಿಗ್ರಿ ಇರ್ಬೇಕು, ಹಿಂದಿನ ರಾತ್ರಿ ಬಿದ್ದ ಹಿಮ. ಕಿತ್ತಳೆ ವೆಸ್ಟು, ಕಿತ್ತಳೆ ಟೊಪ್ಪಿ ಹಾಕ್ಕೊಂಡು (ಇಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಇರ್ಲೇಬೇಕು, ಜಿಂಕೆಗೆ ಆ ಬಣ್ಣ ಎದ್ದು ಕಾಣಲ್ಲ, ಮನುಷ್ಯರಿಗೆ ಕಾಣುತ್ತೆ) ಹೆಮ್ಲಾಕ್ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಎಂಟು ಗಂಟೆ ಸುಮಾರಿಗೆ ಒಂದು ಹೋರಿ ಜಿಂಕೆ, ಒಂದು ಕಡೆಗೇ ನಾಲ್ಕು ಕವಲು, ಐವತ್ತು ಗಜ ಕೂಡ ಇಲ್ಲ, ಅಡ್ಡಡ್ಡ ನಿಂತಿದೆ. ಮಧ್ಯೆ ಬೀಚ್ ಸಸಿಗಳು, ಒಣಗಿದ ಎಲೆ ಇನ್ನೂ ಕಚ್ಕೊಂಡಿದ್ವು. ಸಂದು ಇರ್ಲಿಲ್ಲ, ಥರ್ಟಿ-ಥರ್ಟಿ ಅಲ್ವಾ ಹೋಗುತ್ತೆ ಬಿಡು ಅಂತ ಹೊಡೆದೆ. ಜಿಂಕೆ ಬಾಲ ಎತ್ತಿ, ಬಿಳಿ ಬಾವುಟ ತೋರಿಸಿ ಹೋಯ್ತು. ಎರಡು ಗಂಟೆ ಹಿಮದ ಮೇಲೆ ಹೆಜ್ಜೆ ಹಿಡಿದು ಹುಡುಕಿದ್ವಿ, ಒಂದು ಹನಿ ರಕ್ತ ಇಲ್ಲ, ಒಂದು ಕೂದಲಿಲ್ಲ. ವಾಪಸ್ ಬಂದು ನೋಡಿದ್ರೆ ಬೆರಳು ದಪ್ಪದ ಒಂದು ಬೀಚ್ ಕಡ್ಡಿ ಅರ್ಧಕ್ಕೆ ಸೀಳಿ ನೇತಾಡ್ತಿತ್ತು, ಒಳಗಿನ ಮರ ಹಾಲಿನ ಹಾಗೆ ಬೆಳ್ಳಗೆ. ಅಜ್ಜ ಆ ಕಡ್ಡಿ ಮುರ್ಕೊಂಡು ನನ್ನ ಜೇಬಿಗೆ ಹಾಕಿದ್ರು, ಟ್ರೋಫಿ ಅಂತ. ಯಾವ ಕ್ಯಾಲಿಬರೂ ಕಡ್ಡಿ ತಗುಲಿದ್ರೆ ದಾರಿ ತಪ್ಪುತ್ತೆ. ಸಂದು ಇಲ್ಲಾಂದ್ರೆ ಹೊಡೀಬೇಡಿ, ಕಾಯಿರಿ.

ಎರಡನೇ ಕೊರತೆ ದೂರ. ಸ್ಕೋಪನ್ನ 100 ಗಜಕ್ಕೆ ಸರಿ ಮಾಡಿಟ್ರೆ 200 ಗಜಕ್ಕೆ ಗುಂಡು ಎಂಟೊಂಬತ್ತು ಇಂಚು ಕೆಳಗೆ ಬೀಳುತ್ತೆ. ಕಾಡಿನ ಮಧ್ಯೆ ಕರೆಂಟ್ ಲೈನ್ ಹೋಗಿರೋ ಬಯಲು, ಜೋಳದ ಹೊಲದ ಅಂಚು, ಅಲ್ಲೆಲ್ಲ ಕೂತ್ರೆ ಜಿಂಕೆ 220 ಗಜದಲ್ಲಿ ನಿಂತು ಮೇಯ್ತಾ ಇರುತ್ತೆ, ನೀವು ನೋಡ್ತಾ ಕೂರ್ಬೇಕು. ನಾನು 150 ಗಜದಾಚೆ ಹೊಡೆಯಲ್ಲ ಅಂತ ನಿಯಮ ಮಾಡ್ಕೊಂಡಿದೀನಿ.

ಮೂರನೇದು ಗುಂಡಿನ ಮೂತಿ. ಟ್ಯೂಬ್ ಮ್ಯಾಗಜಿನ್, ಅಂದ್ರೆ ನಳಿಗೆ ಕೆಳಗಿನ ಕೊಳವೆಯಲ್ಲಿ ತೋಟಾ ತುಂಬೋದು ಆಗಿರೋದ್ರಿಂದ ತೋಟಾಗಳು ಒಂದರ ಹಿಂದೆ ಒಂದು ರೈಲ್ವೆ ಬೋಗಿ ಥರ ನಿಂತಿರ್ತವೆ, ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ (ಬುಡದಲ್ಲಿ ಪೆಟ್ಟಿಗೆ ಸಿಡಿದು ಮದ್ದು ಹೊತ್ತಿಸೋ ಕೇಪು) ತಾಗಿರುತ್ತೆ. ಚೂಪು ಲೋಹದ ಮೂತಿ ಆದ್ರೆ ಒದೆತಕ್ಕೆ ಪ್ರೈಮರ್ ಸಿಡಿಯೋ ಅಪಾಯ, ಅದಕ್ಕೇ ಮೊಂಡ ಮೂತಿ. ಮೊಂಡ ಮೂತಿ ಅಂದ್ರೆ ಗಾಳಿಯಲ್ಲಿ ಬೇಗ ವೇಗ ಕಳ್ಕೊಳ್ಳುತ್ತೆ. ಹಾರ್ನಡಿಯವರ ಲಿವರ್‌ರೆವಲ್ಯೂಷನ್ ತೋಟಾದಲ್ಲಿ ತುದಿಗೆ ಮೆತ್ತನೆ ರಬ್ಬರಿನಂಥದ್ದು ಇರುತ್ತೆ, 160 ಗ್ರೇನು, ಸೆಕೆಂಡಿಗೆ 2,400 ಅಡಿ, ಸ್ವಲ್ಪ ದೂರ ಹೆಚ್ಚು ಸಿಗುತ್ತೆ. ನನ್ನ ಕಾಡಿಗೆ ಸಾದಾ 170 ಗ್ರೇನ್ ಮೊಂಡು ಗುಂಡೇ ಸಾಕು. ಆದ್ರೆ ಪ್ರತಿ ರೈಫಲ್ಲಿಗೂ ಒಂದೊಂದು ಬ್ರ್ಯಾಂಡ್ ಹಿಡಿಸುತ್ತೆ, ಮೂರು ಥರದ್ದು ತಂದು ರೇಂಜಲ್ಲಿ ನೋಡಿ, ಅಗ್ಗದ ಒಂದು ಬ್ರ್ಯಾಂಡು ನನ್ನದರಲ್ಲಿ ಅಂಗೈ ಅಗಲಕ್ಕೆ ಚೆಲ್ಲಾಪಿಲ್ಲಿ, ಇನ್ನೊಂದು ಅದೇ ದೂರದಲ್ಲಿ ಎರಡು ರೂಪಾಯಿ ನಾಣ್ಯದ ಸುತ್ತ.

ತೋಟಾ ರೇಟು, ಅದೊಂದು ಸಂಕಟ. 20ರ ಡಬ್ಬಿ ಈಗ ಮೂವತ್ತು ನಲವತ್ತು ಡಾಲರ್. 2020-21ರಲ್ಲಂತೂ ಕಪಾಟು ಖಾಲಿ, ನಾನು ಎರಡು ಡಬ್ಬಿಯಲ್ಲಿ ಒಂದೂವರೆ ವರ್ಷ ತಳ್ಳಿದೆ, ಮಳೆಗಾಲಕ್ಕೆ ಅಂತ ಹಪ್ಪಳ ಎಣಿಸಿಟ್ಟಂಗೆ.

ಹಾಗಾದ್ರೆ ಬೇರೆ ಕ್ಯಾಲಿಬರ್ ಬೇಡ್ವಾ ಅಂದ್ರೆ, ಹಾಗಲ್ಲ. ಒಂದೇ ರೈಫಲ್ಲು, ಕಾಡಿಗೂ ಹೊಲಕ್ಕೂ ಆಗ್ಬೇಕು, ಐನೂರು ಡಾಲರಲ್ಲಿ ಮುಗೀಬೇಕು ಅನ್ನೋರು ಕಣ್ಮುಚ್ಚಿ ಬೋಲ್ಟ್ ಆಕ್ಷನ್ .308 ತಗೊಳ್ಳಿ. 1952ರಿಂದ ಇರೋದು, ಗುಂಡಿನ ಅಗಲ ಥರ್ಟಿ-ಥರ್ಟಿದೇ, ತೋಟಾ ಯಾವ ಅಂಗಡಿಯಲ್ಲೂ ಸಿಗುತ್ತೆ. ಒದೆತ ಸ್ವಲ್ಪ ಜಾಸ್ತಿ, ತಡ್ಕೊಳ್ಳಬಹುದು. ಅದೂ ಬೇಡ ಅಂದ್ರೆ 7ಎಂಎಂ-08, .308ರದ್ದೇ ತಮ್ಮ, ನನ್ನ ಕೇಳಿದ್ರೆ ಜಿಂಕೆಗೆ ಅದಕ್ಕಿಂತ ಹದವಾದ ಬೋಲ್ಟ್ ಕ್ಯಾಲಿಬರ್ ಇಲ್ಲ. ಮೈ ಸಣ್ಣ ಇರೋರಿಗೆ, ಹೊಸಬರಿಗೆ .243, 100 ಗ್ರೇನ್ ಗುಂಡು, ಒದೆತಾನೇ ಇಲ್ಲ ಅನ್ನಬಹುದು, ಆದ್ರೆ ಗುರಿ ಸರಿ ಇರ್ಬೇಕು. 6.5 ಕ್ರೀಡ್‌ಮೂರ್ ಈಗಿನ ಫ್ಯಾಷನ್, ಚೆನ್ನಾಗೇ ಇದೆ, ಒದೆತ ಕಮ್ಮಿ, ಆದ್ರೆ ಅದರ ಜಾಣತನ ಎಲ್ಲ ಗೊತ್ತಾಗೋದು 300 ಗಜದ ಮೇಲೆ, 60 ಗಜದಲ್ಲಿ ಜಿಂಕೆಗೆ ವ್ಯತ್ಯಾಸ ಗೊತ್ತಾಗಲ್ಲ. .270, .30-06 ಇಟ್ಕೊಂಡಿರೋರು ಅದನ್ನೇ ಇಟ್ಕೊಳ್ಳಿ, ಬದಲಾಯಿಸೋಕೆ ಕಾರಣ ಇಲ್ಲ, ಹತ್ತಿರದಲ್ಲಿ ವೇಗದ ಗುಂಡು ಹೆಗಲಿಗೆ ಬಿದ್ರೆ ಮಾಂಸ ರಕ್ತಗಟ್ಟಿ ಅರ್ಧ ಬಿಸಾಡ್ಬೇಕಾಗುತ್ತೆ ಅನ್ನೋದೊಂದೇ. .35 ರೆಮಿಂಗ್ಟನ್ ಕಾಡಿಗೆ ಅದ್ಭುತ, ಪಕ್ಕದ ಮನೆ ಅಜ್ಜನ ಹತ್ರ ಇರೋದು ಅದೇ, ಆದ್ರೆ ತೋಟಾ ಹುಡುಕೋದು ಜಿಂಕೆ ಹುಡುಕೋದಕ್ಕಿಂತ ಕಷ್ಟ.

ಮಾಂಸದ ಮಾತು ಬಂತಲ್ಲ. ಆರು ಸೀಸನಲ್ಲಿ ನಂಗೆ ಸಿಕ್ಕಿದ್ದು ನಾಲ್ಕು, ಅದರಲ್ಲಿ ಅತಿ ದೂರದ್ದು 71 ಗಜ. ನಾಲ್ಕರಲ್ಲಿ ಮೂರು, ಗುಂಡು ತಗುಲಿದ ಜಾಗದಿಂದ ನಲವತ್ತು ಹೆಜ್ಜೆ ಒಳಗೇ ಬಿದ್ವು. ಗುಂಡು ಆ ಕಡೆ ದಾಟಿ ಹೋಗಿರುತ್ತೆ, ಆದ್ರೆ ತೂತಿನ ಸುತ್ತ ಮಾಂಸ ಅಷ್ಟಾಗಿ ಹಾಳಾಗಿರಲ್ಲ, ಹೆಗಲಿನ ತುಂಡು ಪೂರ್ತಿ ಉಳಿಯುತ್ತೆ. ಮಡಿಕೇರಿ ಕಡೆಯ ಫ್ರೆಂಡ್ ಒಬ್ಬ ಕಾಚಂಪುಳಿ ತಂದ್ಕೊಡ್ತಾನೆ, ಹೆಗಲು ಮಾಂಸಕ್ಕೆ ಹುರಿದ ಮೆಣಸು ಕಾಳಿನ ಪುಡಿ, ಕೊನೆಗೆ ಒಂದು ಚಮಚ ಕಾಚಂಪುಳಿ, ಅಕ್ಕಿ ರೊಟ್ಟಿ ಜೊತೆ. ಜಿಂಕೆ ಮಾಂಸದಲ್ಲಿ ಕೊಬ್ಬು ಇರಲ್ಲ, ಆದಷ್ಟು ನಿಧಾನ ಬೇಯಿಸಿ. ಫ್ರಿಡ್ಜಲ್ಲಿ ಹಿಡಿಸಲ್ಲ ಅಂದ್ರೆ ಇಲ್ಲಿ ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್ ಅಂತ ಇದೆ, ಅವರ ಪಟ್ಟಿಯಲ್ಲಿರೋ ಕಟುಕರ ಹತ್ರ ಕೊಟ್ರೆ ಫುಡ್ ಬ್ಯಾಂಕಿಗೆ ಹೋಗುತ್ತೆ, ಒಂದು ಜಿಂಕೆ ನಾನು ಹಾಗೇ ಕೊಟ್ಟಿದ್ದು.

ಮಾರ್ಕ್ಸ್ ಕೊಡ್ಲೇಬೇಕು ಅಂದ್ರೆ ಕಾಡಿಗೆ ಐದಕ್ಕೆ ನಾಲ್ಕೂವರೆ, ಹೊಲದ ಅಂಚಿಗೆ ಎರಡೂವರೆ. ಕಾಡಲ್ಲಿ ಅರ್ಧ ಕಟ್ ಮಾಡಿದ್ದು ಯಾಕಂದ್ರೆ ಟ್ಯೂಬ್ ಮ್ಯಾಗಜಿನ್ ಇರೋ ಇಂಥ ಲಿವರ್ ಗನ್ ಖಾಲಿ ಮಾಡೋಕೆ ಒಂದೊಂದೇ ತೋಟಾನ ಚೇಂಬರಿಗೆ ತಂದು ಹೊರಗೆ ಎಸೀಬೇಕು, ಸಂಜೆ ಕತ್ತಲಾದ್ಮೇಲೆ ಬೆರಳು ಮರಗಟ್ಟಿರೋವಾಗ, ಕಾರಿಗೆ ಹತ್ತೋ ಮುಂಚೆ ಖಾಲಿ ಮಾಡ್ಲೇಬೇಕು, ಲೋಡ್ ಆದ ರೈಫಲ್ ಕಾರಲ್ಲಿ ಇಡೋ ಹಾಗಿಲ್ಲ. ಹೋದ ಡಿಸೆಂಬರಲ್ಲಿ ಹಾಗೇ ಎಸೆದಾಗ ಒಂದು ಹಿಮದೊಳಗೆ ಮುಳುಗಿ ಹೋಯ್ತು, ಮೊಬೈಲ್ ಟಾರ್ಚಲ್ಲಿ ಕಾಲು ಗಂಟೆ ಕೆದಕಿದೆ, ಸಿಗ್ಲಿಲ್ಲ, ಎರಡು ಡಾಲರ್ ಹೋಯ್ತು ಅಂತ ಬೈಕೊಂಡು ಮನೆಗೆ ಬಂದೆ. ಏಪ್ರಿಲಲ್ಲಿ ಹಿಮ ಕರಗಿದ್ಮೇಲೆ ಅಜ್ಜ ಅದೇ ಪಾರ್ಕಿಂಗ್ ಜಾಗದಲ್ಲಿ ಎತ್ಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ನಿಲ್ಲಿಸಿ ಹೋಗಿದ್ರು, ಹಿತ್ತಾಳೆ ಹಸಿರು ಕಟ್ಟಿತ್ತು.